ಎಲ್ಲೋ ಓದಿದ ನೆನಪು

ಕಳೆದ ಬೇಸಿಗೆಯ ರಜೆಯಲ್ಲಿ ಅಕ್ಕನ ಮಗಳು ನಮ್ಮ ಮನೆಗೆ ಬಂದು ಹದಿನೈದು ದಿನ ಇದ್ದಳು. ಮಲೆನಾಡಿನ ಕೆರೆಗಳ ಚರಿತ್ರೆಯನ್ನು ಕುರಿತು ಪಿಎಚ್.ಡಿ. ಮಾಡುತ್ತಿರುವ ಹುಡುಗಿ. ನಮ್ಮ ಕಾಲದಲ್ಲಿ ಸಂಶೋಧನೆ ಮಾಡುವವರು ಬಂದರೆಂದರೆ ಅವರ ಜೊತೆಗೆ ಎರಡು ಚೀಲ ಪುಸ್ತಕ, ರಟ್ಟಿನ ಡಬ್ಬಿಯ ತುಂಬ ಚೀಟಿಗಳು ಬರುತ್ತಿದ್ದವು. ಇವಳು ತಂದದ್ದು ಒಂದು ಲ್ಯಾಪ್‌ಟಾಪು ಮತ್ತು ನಾಲ್ಕು ಜೊತೆ ಬಟ್ಟೆ. "ನಿನ್ನ ಚೀಟಿಗಳೆಲ್ಲ ಎಲ್ಲೇ?" ಎಂದು ಕೇಳಿದೆ. ಲ್ಯಾಪ್‌ಟಾಪಿನ ಬೆನ್ನು ತಟ್ಟಿ "ಎಲ್ಲಾ ಇದರೊಳಗೇ ಇದೆ ಚಿಕ್ಕಮ್ಮ" ಎಂದಳು.

ನಾನು ಸಂಶೋಧಕಳಲ್ಲ. ಬಿ.ಎ., ಬಿ.ಎಡ್. ಮಾಡಿಕೊಂಡು ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳಿಗೆ ಕದಂಬರು, ಗಂಗರು, ಹೊಯ್ಸಳರನ್ನು ಪಾಠ ಮಾಡುತ್ತ ಬಂದವಳು. ಆದರೂ ಓದಿದ್ದನ್ನು ಬರೆದಿಟ್ಟುಕೊಳ್ಳುವ ಅಭ್ಯಾಸ ಮೊದಲಿನಿಂದ ಇದೆ. ಹಳೆಯ ನೋಟ್‌ಬುಕ್ಕುಗಳು ಬೀರುವಿನ ತಳದಲ್ಲಿ ಒಂದು ಸಾಲು ಕೂತಿವೆ. ಅವುಗಳನ್ನು ತೆರೆದರೆ ಒಳ್ಳೊಳ್ಳೆಯ ಸಂಗತಿಗಳು ಸಿಗುತ್ತವೆ. ಆದರೆ ಅದು ಯಾವ ಪುಸ್ತಕದಲ್ಲಿ, ಯಾವ ಪುಟದಲ್ಲಿ ಎಂಬುದು ಮಾತ್ರ ಸಿಗುವುದಿಲ್ಲ. "ನೋಡಿ: ನೀಲಿ ರಟ್ಟಿನ ಪುಸ್ತಕ" ಎಂದು ಒಂದು ಕಡೆ ಬರೆದುಕೊಂಡಿದ್ದೇನೆ! ಆ ನೀಲಿ ಪುಸ್ತಕ ಯಾವುದೆಂದು ಇವತ್ತಿಗೂ ತಿಳಿದಿಲ್ಲ. ಯಾರಾದರೂ ಆಧಾರ ಕೇಳಿದರೆ "ಎಲ್ಲೋ ಓದಿದ ನೆನಪು" ಎಂದು ಹೇಳಿ ಜಾರಿಕೊಳ್ಳುವುದು ನನಗೆ ರೂಢಿಯಾಗಿಬಿಟ್ಟಿತ್ತು.

ಹುಡುಗಿ ತೋರಿಸಿದ ಸಾಧನದ ಹೆಸರು ಜೊಟೆರೊ. ಅಂತರ್ಜಾಲದಲ್ಲಿ ಒಂದು ಲೇಖನವನ್ನೋ ಗ್ರಂಥಾಲಯದ ಪಟ್ಟಿಯನ್ನೋ ತೆರೆದು ಮೂಲೆಯ ಗುಂಡಿ ಒತ್ತಿದರೆ ಸಾಕು, ಲೇಖಕರ ಹೆಸರು, ಶೀರ್ಷಿಕೆ, ಪ್ರಕಾಶಕರು, ವರ್ಷ ಎಲ್ಲವೂ ತಾವಾಗಿಯೇ ಬಂದು ತಮ್ಮ ತಮ್ಮ ಮನೆಗಳಲ್ಲಿ ಕುಳಿತುಬಿಡುತ್ತವೆ. ಪ್ರಬಂಧ ಬರೆಯುವಾಗ ಬೇಕಾದ ಕಡೆ ಇನ್ನೊಂದು ಗುಂಡಿ ಒತ್ತಿದರೆ ಅಡಿಟಿಪ್ಪಣಿ ಬೀಳುತ್ತದೆ. ನಡುವೆ ಒಂದು ಹೊಸ ಟಿಪ್ಪಣಿ ಸೇರಿಸಿದರೆ ಮುಂದಿನ ಸಂಖ್ಯೆಗಳೆಲ್ಲ ತಾವೇ ಸರಿದುಕೊಳ್ಳುತ್ತವೆ. ಕೊನೆಗೆ ಗ್ರಂಥಋಣದ ಪಟ್ಟಿ ಅಕಾರಾದಿಯಾಗಿ ಸಿದ್ಧ. ಹಿಂದೆ ಪ್ರಬಂಧಗಳನ್ನು ಬೆರಳಚ್ಚು ಮಾಡಿಸುತ್ತಿದ್ದವರಿಗೆ ಹನ್ನೆರಡನೆಯ ಟಿಪ್ಪಣಿ ಬಿಟ್ಟುಹೋದರೆ ಏನಾಗುತ್ತಿತ್ತೆಂದು ಗೊತ್ತು. ಅಂಥ ಒಬ್ಬರು ಪಟ್ಟ ಪಾಡನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಈ ಜೊಟೆರೊವನ್ನು ಮಾಡಿದವರು ವ್ಯಾಪಾರಿಗಳಲ್ಲ, ನನ್ನ ವಿಷಯದವರೇ ಎಂದು ತಿಳಿದಾಗ ಸ್ವಲ್ಪ ಹೆಮ್ಮೆಯೇ ಆಯಿತು. ಅಮೆರಿಕದ ವರ್ಜೀನಿಯಾ ರಾಜ್ಯದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಚರಿತ್ರೆ ಮತ್ತು ಹೊಸ ಮಾಧ್ಯಮಕ್ಕೆಂದೇ ಒಂದು ಕೇಂದ್ರವಿದೆ. ಅಲ್ಲಿನ ಇತಿಹಾಸಕಾರರು 2006ರಲ್ಲಿ ಇದನ್ನು ಹೊರತಂದು ಉಚಿತವಾಗಿ ಕೊಟ್ಟರು. ಹೆಸರು ಆಲ್ಬೇನಿಯಾದ ಭಾಷೆಯದು, ಒಂದು ವಿದ್ಯೆಯನ್ನು ಚೆನ್ನಾಗಿ ಕೈವಶ ಮಾಡಿಕೊಳ್ಳುವುದು ಎಂಬರ್ಥದ ಕ್ರಿಯಾಪದದಿಂದ ಬಂದದ್ದು. ಅದಕ್ಕೂ ಮೊದಲು ಇಂಥವು ಇರಲಿಲ್ಲವೆಂದಲ್ಲ. ಗಣಿತ, ವಿಜ್ಞಾನದವರಿಗೆ 1985ರಿಂದಲೇ ಬಿಬ್‌ಟೆಕ್ ಇತ್ತು. ಹಣ ಕೊಟ್ಟು ಕೊಳ್ಳುವ ಎಂಡ್‌ನೋಟ್ ಇತ್ತು. ಎಂಡ್‌ನೋಟಿನ ಆಗಿನ ಒಡೆಯರಾದ ಥಾಮ್ಸನ್ ರಾಯಿಟರ್ಸ್ ಕಂಪನಿಯವರು ತಮ್ಮ ಕಡತಗಳ ವಿಷಯದಲ್ಲಿ 2008ರಲ್ಲಿ ಆ ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿ ಒಂದು ಕೋಟಿ ಡಾಲರ್ ಕೇಳಿದ್ದರಂತೆ. ಮರುವರ್ಷ ದಾವೆ ವಜಾ ಆಯಿತು. ಅಡಿಟಿಪ್ಪಣಿಗೂ ಕೋರ್ಟು ಕಟ್ಟೆ ಏರುವಷ್ಟು ಬೆಲೆಯಿದೆ ಎಂದು ನಾನು ಎಣಿಸಿರಲಿಲ್ಲ.

ಯಂತ್ರ ಹೊಸದು, ಚೀಟಿಯ ಸಂಕಟ ಹಳೆಯದು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಕಾನ್ರಾಡ್ ಗೆಸ್ನರ್ ಎಂಬ ಪಂಡಿತ 1545ರಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಗ್ರಂಥಗಳ ಒಂದು ಮಹಾಪಟ್ಟಿಯನ್ನು ಅಚ್ಚು ಹಾಕಿಸಿದ. ಅಕ್ಬರ ಹುಟ್ಟಿದ್ದು 1542ರಲ್ಲಿ. ಕಾಲದ ಅಂದಾಜಿಗೆ ಹೇಳಿದೆ. ಓದಿದ್ದನ್ನು ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು, ಕತ್ತರಿಯಿಂದ ಸೀಳಿ, ಬೇಕಾದ ಕ್ರಮದಲ್ಲಿ ಜೋಡಿಸಿಕೊಳ್ಳಬೇಕು ಎಂಬುದು ಅವನು ಕಲಿಸಿದ ಉಪಾಯ. ಜರ್ಮನಿಯ ಹ್ಯಾಂಬರ್ಗಿನ ವಿನ್ಸೆಂಟ್ ಪ್ಲಾಕಿಯಸ್ 1689ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚೀಟಿಗಳನ್ನು ವಿಷಯವಾರು ಕೊಕ್ಕೆಗಳಿಗೆ ಸಿಕ್ಕಿಸುವ ದೊಡ್ಡ ಬೀರುವೊಂದರ ವಿವರ, ಚಿತ್ರಗಳನ್ನು ಪ್ರಕಟಿಸಿದ. ತತ್ವಜ್ಞಾನಿ ಲೈಬ್ನಿಟ್ಸ್ ಕೂಡ ಅಂಥ ಒಂದು ಬೀರು ಇಟ್ಟುಕೊಂಡಿದ್ದ. ಪ್ಲಾಕಿಯಸ್ ಅದನ್ನು ತನ್ನದೆಂದು ಹೇಳಿಕೊಳ್ಳಲಿಲ್ಲ. ಹೆಸರಿಲ್ಲದ ಒಂದು ಹಸ್ತಪ್ರತಿಯಿಂದ ತೆಗೆದುಕೊಂಡೆನೆಂದು ಪ್ರಾಮಾಣಿಕವಾಗಿ ಬರೆದ. ಆ ಬೀರುವನ್ನು ಕಲ್ಪಿಸಿದವನು 1640ರ ದಶಕದ ಇಂಗ್ಲೆಂಡಿನ ಥಾಮಸ್ ಹ್ಯಾರಿಸನ್ ಎಂಬವನೆಂದು ನೋಯೆಲ್ ಮಾಲ್ಕಮ್ ಎಂಬ ವಿದ್ವಾಂಸರು ತೋರಿಸಿಕೊಟ್ಟದ್ದು 2004ರಲ್ಲಿ. ಯಾರು ಏನು ಹೇಳಿದರೆಂದು ಮರೆಯದಿರಲು ಬೀರು ಮಾಡಿದವನ ಹೆಸರೇ ಮುನ್ನೂರೈವತ್ತು ವರ್ಷ ಮರೆತುಹೋಗಿತ್ತು! ಹುಡುಗಿ ಇದನ್ನು ಹೇಳಿದಾಗ ನಕ್ಕುಬಿಟ್ಟೆ. ಆ ನಗು ಬಹಳ ದಿನ ಉಳಿಯಲಿಲ್ಲ.

ನಮ್ಮಲ್ಲಿಯೂ ಈ ಶಿಸ್ತು ಇತ್ತು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಮೊದಲ ಸಂಪುಟ 1970ರಲ್ಲಿ ಬಂದು, ಎಂಟನೆಯ ಸಂಪುಟ ಬರುವ ಹೊತ್ತಿಗೆ 1995 ಆಗಿತ್ತು. ಅದರ ಹಿಂದೆ ಇದ್ದದ್ದು ಕೈಯಲ್ಲಿ ಬರೆದ ಲಕ್ಷಗಟ್ಟಲೆ ಚೀಟಿಗಳು. ಒಂದೊಂದು ಚೀಟಿಯಲ್ಲಿ ಒಂದು ಪದ, ಅದು ಬಂದಿರುವ ಸಾಲು, ಸಾಲಿರುವ ಕಾವ್ಯದ ಹೆಸರು, ಆಶ್ವಾಸ, ಪದ್ಯದ ಸಂಖ್ಯೆ. ಅರ್ಥವನ್ನು ನಂಬದಿದ್ದರೆ ನೀವೇ ಹೋಗಿ ಆ ಪದ್ಯವನ್ನು ನೋಡಿಕೊಳ್ಳಬಹುದು. ಅದಕ್ಕೂ ನೂರು ವರ್ಷ ಹಿಂದೆ, ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ 1886ರಿಂದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳನ್ನು ತರತೊಡಗಿದಾಗ ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರಿನಿಂದ ಒಂದು ಸಂಖ್ಯೆ ಕೊಟ್ಟರು. ಏಳನೆಯ ಸಂಪುಟದ ಶಿಕಾರಿಪುರ 176 ಎಂದರೆ ತಾಳಗುಂದದ ಕಂಬದ ಶಾಸನ. ಚರಿತ್ರೆ ಓದಿದ ಯಾರಿಗೇ ಆಗಲಿ ಆ ಸಂಖ್ಯೆ ಹೇಳಿದರೆ ಸಾಕು, ಮಯೂರಶರ್ಮ ಕಂಚಿಗೆ ಓದಲು ಹೋದದ್ದು, ಅಲ್ಲಿ ಜಗಳವಾದದ್ದು, ದರ್ಭೆ ಹಿಡಿಯುತ್ತಿದ್ದ ಕೈ ಕತ್ತಿ ಹಿಡಿದದ್ದು ಎಲ್ಲ ಕಣ್ಣ ಮುಂದೆ ಬರುತ್ತದೆ. ಮುಂದೆ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಸಂಪುಟಗಳನ್ನು ತಂದಾಗ ಅನೇಕ ಶಾಸನಗಳಿಗೆ ಹೊಸ ಸಂಖ್ಯೆ ಬಂತು. ಆದ್ದರಿಂದ ಈಗ ಬರೆಯುವವರು ಹಳೆಯ ಸಂಪುಟವೋ ಹೊಸದೋ ಎಂದು ಹೇಳದಿದ್ದರೆ ಓದುವವರು ಬೇರೆಯೇ ಕಲ್ಲಿನ ಮುಂದೆ ಹೋಗಿ ನಿಲ್ಲುತ್ತಾರೆ.

ತಾಳಗುಂದದ ಕಂಬವನ್ನು ನಾನು ಮಕ್ಕಳನ್ನು ಕರೆದುಕೊಂಡು ಹೋಗಿ ಎಷ್ಟೋ ಸಲ ತೋರಿಸಿದ್ದೇನೆ. ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಆ ಕಂಬದಲ್ಲಿ ನನಗೆ ಬಹಳ ಮೆಚ್ಚಿಕೆಯಾದ ಸಂಗತಿ ರಾಜರದ್ದಲ್ಲ. ಶಾಸನದ ಕೊನೆಯಲ್ಲಿ, ರಾಜ ಶಾಂತಿವರ್ಮನ ಅಪ್ಪಣೆಯಂತೆ ಈ ಕಾವ್ಯವನ್ನು ಕಲ್ಲಿನ ಮೇಲೆ ಬರೆದವನು ಕುಬ್ಜ ಎಂದು ಕವಿಯ ಹೆಸರಿದೆ. ಸುಮಾರು ಒಂದೂವರೆ ಸಾವಿರ ವರ್ಷದ ಹಿಂದಿನ ಮಾತು. "ನೋಡಿ ಮಕ್ಕಳೇ, ಬರೆದವರ ಹೆಸರು ಎಷ್ಟು ಮುಖ್ಯ" ಎಂದು ಪ್ರತಿ ವರ್ಷವೂ ಹೇಳುತ್ತಿದ್ದೆ.

ಇನ್ನು ನಮ್ಮ ಕಥೆಗೆ ಬರುತ್ತೇನೆ.

ನನ್ನ ನೋಟ್‌ಬುಕ್ಕುಗಳನ್ನೂ ಇದಕ್ಕೆ ಸೇರಿಸಿಬಿಡೋಣ ಎಂದು ಹುಡುಗಿ ಹಟ ಹಿಡಿದಳು. ಮೊದಲ ನಾಲ್ಕು ದಿನ ತಮಾಷೆಯಾಗಿಯೇ ಕಳೆಯಿತು. ಹೊಸ ಪುಸ್ತಕವಾದರೆ ಹಿಂಬದಿಯ ಐಎಸ್‌ಬಿಎನ್ ಸಂಖ್ಯೆ ಹಾಕಿದ ಕೂಡಲೇ ವಿವರ ಬರಬೇಕು. ನನ್ನ ಬಳಿ ಇರುವ ಹಳೆಯ ಪುಸ್ತಕಗಳಿಗೆ ಆ ಸಂಖ್ಯೆಯೇ ಇಲ್ಲ. ಎಲ್ಲವನ್ನೂ ಕೈಯಿಂದಲೇ ತುಂಬಬೇಕಾಯಿತು. ಹೆಸರುಗಳದಂತೂ ದೊಡ್ಡ ಪಜೀತಿ. ಯಂತ್ರ ಮೊದಲು ಕೇಳುವುದು ಮನೆತನದ ಹೆಸರು, ಆಮೇಲೆ ಸ್ವಂತ ಹೆಸರು. ಅದರ ಲೆಕ್ಕದಲ್ಲಿ ಗೊರೂರರೂ ಮಾಸ್ತಿಯವರೂ ತಮ್ಮ ಊರುಗಳನ್ನು ಕಳೆದುಕೊಂಡು 'ಅಯ್ಯಂಗಾರ್' ಎಂಬ ಒಂದೇ ಮನೆಯಲ್ಲಿ ಅಕ್ಕಪಕ್ಕ ಕುಳಿತರು. ಕುವೆಂಪು ಎಂದು ತುಂಬಿದರೆ ಎರಡನೆಯ ಮನೆ ಖಾಲಿ. ಹೆಸರನ್ನು ಎರಡು ತುಂಡು ಮಾಡದೆ ಇಡಿಯಾಗಿ ಬರೆಯುವುದಕ್ಕೂ ಒಂದು ಗುಂಡಿ ಇದೆಯೆಂದು ಆಮೇಲೆ ಗೊತ್ತಾಯಿತು. ಅದನ್ನು ಒತ್ತಿದ ಮೇಲೆ ಗೊರೂರರು ಗೊರೂರಿಗೆ ಹಿಂದಿರುಗಿದರು.

ಐದನೆಯ ದಿನ ಸಂಜೆ ಕಾಫಿ ಕುಡಿಯುತ್ತ, "ಚಿಕ್ಕಮ್ಮ, ನಿನ್ನನ್ನೂ ಹಾಕಿಕೊಂಡಿದ್ದೀನಿ ನೋಡು" ಎಂದು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಹೌದು, ನನ್ನ ಹೆಸರು! 2008ರಲ್ಲಿ ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಊರ ಕೆರೆಯನ್ನು ಕುರಿತು ನಾಲ್ಕು ಪುಟದ ಲೇಖನ ಬರೆದಿದ್ದೆ. ಅದು ಅವಳ ಪ್ರಬಂಧದ 41ನೆಯ ಅಡಿಟಿಪ್ಪಣಿಯಾಗಿತ್ತು. ದೊಡ್ಡ ದೊಡ್ಡ ವಿದ್ವಾಂಸರ ನಡುವೆ ನನ್ನ ಹೆಸರು ಕಂಡು ಒಳಗೊಳಗೇ ಹಿಗ್ಗಿದೆ. ಸುಳ್ಳು ಹೇಳಬಾರದು, ಕಾಫಿ ಲೋಟ ಕೆಳಗಿಟ್ಟು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ.

"ಈ ವೀರಗಲ್ಲು ಮೂಲತಃ ಕೆರೆಯ ಕೋಡಿಯ ಬಳಿ ಇತ್ತು, 1958ರಲ್ಲಿ ಏರಿ ಒಡೆದಾಗ ಉರುಳಿತು ಅಂತ ಬರೆದಿದ್ದೀಯಲ್ಲ, ನನ್ನ ಅಧ್ಯಾಯಕ್ಕೆ ಅದೇ ಬಹಳ ಮುಖ್ಯ" ಎಂದಳು. "ಇದಕ್ಕೆ ನಿನ್ನ ಆಧಾರ ಯಾವುದು?"

ಎಲ್ಲೋ ಓದಿದ ನೆನಪು ಎನ್ನಲು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಅದನ್ನು ನಾನು ಎಲ್ಲೂ ಓದಿರಲಿಲ್ಲ.

ಆ ಕಲ್ಲು ಈಗ ದೇವಸ್ಥಾನದ ಮುಂದೆ ಇದೆ. ಮೂರು ಪಟ್ಟಿಕೆಗಳ ಸಾಧಾರಣ ವೀರಗಲ್ಲು: ಕೆಳಗೆ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ. ಅಕ್ಷರವೊಂದೂ ಇಲ್ಲ. ಅಕ್ಷರವಿಲ್ಲದ್ದರಿಂದ ರೈಸರ ಸಂಖ್ಯೆಯೂ ಇಲ್ಲ. ನಾನು 1996ರಲ್ಲಿ ಈ ಊರಿಗೆ ಬಂದಾಗ ಅದು ಅನಾದಿಯಿಂದ ದೇವಸ್ಥಾನದ್ದೇ ಎಂದು ಎಲ್ಲರೂ ಹೇಳುತ್ತಿದ್ದರು. ಶಾಲೆಯ ಗೇಟಿನ ಹತ್ತಿರ ಹೂವು ಮಾರುತ್ತಿದ್ದ ಅಜ್ಜಿಯೊಬ್ಬಳು ಮಾತ್ರ ಒಪ್ಪಲಿಲ್ಲ. ಮಕ್ಕಳಿಗೆ ಆ ಕಲ್ಲನ್ನು ತೋರಿಸಿಕೊಂಡು ಬಂದ ದಿನ ನನ್ನನ್ನು ನಿಲ್ಲಿಸಿ, "ಅದು ದೇವಸ್ಥಾನದ್ದಲ್ಲ ಅಕ್ಕೋರೆ, ಕೆರೆ ಕಾದವನ ಕಲ್ಲು. ಕೋಡಿ ಹತ್ರ ನಿಂತಿತ್ತು. ಏರಿ ಒಡೆದ ವರ್ಷ ಬಿತ್ತು. ನಮ್ಮೋರೇ ಮೊಖ ಕೆಳಗೆ ಮಾಡಿ ತೂಬಿನ ಹತ್ರ ಹಾಕಿದ್ರು. ಅದರ ಬೆನ್ನ ಮೇಲೆ ನಾನು ಎಷ್ಟು ಬಟ್ಟೆ ಒಗೆದಿದ್ದೀನೋ" ಎಂದಳು. ರಸ್ತೆ ಅಗಲ ಮಾಡಲು ಬಂದವರು ಆ ಕಲ್ಲನ್ನು ಮಗುಚಿದಾಗ ಆಕೃತಿಗಳು ಕಂಡವಂತೆ. ಆಗ ತಂದು ದೇವಸ್ಥಾನದ ಮುಂದೆ ನಿಲ್ಲಿಸಿದರಂತೆ. "ಇಷ್ಟು ವರ್ಷ ದೇವರ ಬೆನ್ನಿಗೆ ಬಟ್ಟೆ ಕುಕ್ಕಿದೆನಲ್ಲ ಅಂತ ಹೋಗಿ ಒಂದು ಕಾಯಿ ಒಡೆಸಿಕೊಂಡು ಬಂದೆ" ಎಂದೂ ಹೇಳಿದ್ದಳು.

ಏರಿ ಒಡೆದದ್ದು ಯಾವಾಗ ಎಂದು ಕೇಳಿದ್ದೆ. "ನಮ್ಮ ದೊಡ್ಡೋನು ತೊಟ್ಟಿಲಲ್ಲಿದ್ದ" ಎಂದಿದ್ದಳು. ದೊಡ್ಡವನು ನಮ್ಮ ಶಾಲೆಯಲ್ಲೇ ಓದಿದವನು. ನಾನು ದಾಖಲಾತಿ ಪುಸ್ತಕ ತೆಗೆಸಿ ಅವನ ಜನ್ಮದಿನಾಂಕ ನೋಡಿ 1958 ಎಂದು ಲೆಕ್ಕ ಹಾಕಿದ್ದೆ. ಆಗ ಅದನ್ನು ಬಹಳ ಜಾಣತನವೆಂದು ಭಾವಿಸಿದ್ದೆ. ಲೇಖನ ಬರೆಯುವಾಗ ಹೂ ಮಾರುವ ಮುದುಕಿ ಹೇಳಿದಳು ಎಂದು ಹಾಕಿದರೆ ಓದಿದವರು ಏನೆಂದುಕೊಂಡಾರು ಎನ್ನಿಸಿತು. ಅಜ್ಜಿಯನ್ನೂ ತೊಟ್ಟಿಲನ್ನೂ ಬಿಟ್ಟು ಇಸವಿಯನ್ನು ಮಾತ್ರ ಇಟ್ಟುಕೊಂಡೆ. ಚರಿತ್ರೆಯ ಹಾಗೆ ಕಾಣಲಿ ಎಂದು.

ಎಲ್ಲವನ್ನೂ ಹೇಳಿದೆ. ಹುಡುಗಿ ಬಯ್ಯಲಿಲ್ಲ. ಕೆರೆಗಳ ಬಗ್ಗೆ ಅಚ್ಚಾದ ಒಂದು ಕಿರುಹೊತ್ತಿಗೆಯನ್ನು ತೆಗೆದು ತೋರಿಸಿದಳು. ಅದರಲ್ಲೂ 1958 ಎಂದಿದೆ, ಯಾರ ಹೆಸರೂ ಇಲ್ಲ. ನನ್ನ ಲೇಖನದ ಮಾತುಗಳೇ, ಒಂದೆರಡು ಕಡೆ ಹಿಂದುಮುಂದಾಗಿವೆ. ಬೇರೆ ಸಮಯದಲ್ಲಿ ಆಗಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಅವತ್ತು ಸಿಟ್ಟು ಮಾಡುವ ಹಕ್ಕು ನನಗೆ ಉಳಿದಿರಲಿಲ್ಲ. ಇವಳ ಪ್ರಬಂಧದಲ್ಲೂ ಬಂದುಬಿಟ್ಟರೆ ಮೂರು ಕಡೆ ಅಚ್ಚಾದಂತಾಯಿತು. ಮುಂದೆ ಬರೆಯುವವರಿಗೆ ಮೂರು ಆಧಾರ ಸಿಕ್ಕಂತಾಗುತ್ತದೆ, ಮೂರೂ ಒಬ್ಬಳೇ ಅಜ್ಜಿಯ ಒಂದೇ ತೊಟ್ಟಿಲು!

"ಇದಕ್ಕೂ ಒಂದು ಮನೆ ಇದೆ" ಎಂದು ಹುಡುಗಿ ಜೊಟೆರೊದಲ್ಲಿ ಹೊಸ ಚೀಟಿ ತೆರೆದಳು. ಪುಸ್ತಕ, ಲೇಖನ, ಹಸ್ತಪ್ರತಿಗಳಂತೆ ಸಂದರ್ಶನ ಎಂಬುದೂ ಅದರಲ್ಲಿ ಒಂದು ಬಗೆ. ಸಂದರ್ಶನ ಕೊಟ್ಟವರ ಹೆಸರು, ಮಾಡಿದವರ ಹೆಸರು, ದಿನಾಂಕ. ದಿನಾಂಕಕ್ಕೆ ಸುಮಾರು 2001 ಎಂದಾಯಿತು. ಮಾಡಿದವರ ಜಾಗದಲ್ಲಿ ನಾನು. "ಅಜ್ಜಿಯ ಹೆಸರು ಹೇಳು" ಎಂದಳು.

ಗೊತ್ತಿರಲಿಲ್ಲ. ಹತ್ತು ಹನ್ನೆರಡು ವರ್ಷ ಅವಳ ಕೈಯಿಂದ ಹೂವು ಕೊಂಡು ಮುಡಿದಿದ್ದೇನೆ. ಹೂವಿನಜ್ಜಿ ಎನ್ನುತ್ತಿದ್ದೆವು, ಅಷ್ಟೆ. ಕುಬ್ಜನ ಹೆಸರನ್ನು ವರ್ಷವರ್ಷವೂ ಬಾಯಿಪಾಠ ಮಾಡಿಸಿದವಳು ನಾನು.

ಮಾರನೆಯ ದಿನ ಶಾಲೆಗೆ ಹೋಗಿ ಅದೇ ದಾಖಲಾತಿ ಪುಸ್ತಕ ತೆಗೆಸಿದೆ. ಹುಡುಗನ ಹೆಸರಿದೆ, ತಂದೆಯ ಹೆಸರಿದೆ, ಉದ್ಯೋಗ ಕೂಲಿ ಎಂದಿದೆ. ಆ ಪುಸ್ತಕದಲ್ಲಿ ತಾಯಿಯ ಹೆಸರಿಗೆ ಅಂಕಣವೇ ಇಲ್ಲ. ಸಂಜೆ ಇಬ್ಬರೂ ಅವರ ಮನೆಗೆ ಹೋದೆವು. ಅಜ್ಜಿ ತೀರಿಕೊಂಡು ಹತ್ತು ವರ್ಷವಾಗಿದೆ. ಆ ದೊಡ್ಡ ಮಗ ಈಗ ಸ್ವತಃ ತಾತ. ಜಗಲಿಯ ಮೇಲೆ ಕೂತು ಮೊಮ್ಮಗನಿಗೆ ಶರಟಿನ ಗುಂಡಿ ಹಾಕುತ್ತಿದ್ದರು. ಬಂದ ಕಾರಣ ಹೇಳಲು ನನಗೆ ಸ್ವಲ್ಪ ಹೊತ್ತೇ ಹಿಡಿಯಿತು. ಅವರು ಒಳಗಿನಿಂದ ಪ್ಲಾಸ್ಟಿಕ್ ಕವರೊಂದನ್ನು ತಂದು ಹಳೆಯ ರೇಷನ್ ಕಾರ್ಡನ್ನು ಬಿಡಿಸಿ ಬೆರಳಿಟ್ಟು ತೋರಿಸಿದರು. ಚೆಂದದ ಹೆಸರು.

ಏರಿ ಒಡೆದ ವರ್ಷದ ಬಗ್ಗೆಯೂ ಕೇಳಿದೆ. ನನ್ನ 1958ರ ಲೆಕ್ಕ ಹೇಳಿದಾಗ ಅವರಿಗೆ ನಗು ತಡೆಯಲಾಗಲಿಲ್ಲ. "ಆ ತಾರೀಖು ನಮ್ಮವ್ವ ಹೇಳಿದ್ದಲ್ಲ ಅಕ್ಕೋರೆ, ಮೇಷ್ಟ್ರು ಬರಕೊಂಡಿದ್ದು. ನಮ್ಮ ಕ್ಲಾಸಿನಲ್ಲಿ ಅರ್ಧ ಹುಡುಗರು ಜೂನ್ ಒಂದಕ್ಕೆ ಹುಟ್ಟಿದೋರು" ಎಂದರು. ಶಾಲೆಗೆ ಸೇರಿಸುವಾಗ ವಯಸ್ಸು ಸಾಲದಿದ್ದರೆ ಮೇಷ್ಟ್ರೇ ಅಂದಾಜಿಗೆ ಒಂದು ತಾರೀಖು ಬರೆಯುವುದು ಆ ಕಾಲದಲ್ಲಿ ಎಲ್ಲ ಕಡೆಯೂ ಇದ್ದದ್ದೇ. ಮೇಷ್ಟರಾದ ನನಗೇ ಅದು ಹೊಳೆದಿರಲಿಲ್ಲ. ಕಲ್ಲನ್ನು ಹೊತ್ತು ತೂಬಿನ ಬಳಿ ಹಾಕಿದವರಲ್ಲಿ ತಮ್ಮ ತಾತನೂ ಇದ್ದನೆಂದು ಅವರು ಹೇಳಿದರು. ಅದು ನನಗೆ ಹೊಸ ಸಂಗತಿ. ಹುಡುಗಿ ಅಲ್ಲೇ ಬರೆದುಕೊಂಡಳು, ಹೇಳಿದವರ ಹೆಸರು, ತಾರೀಖು ಸಮೇತ.

ಹೊರಡುವಾಗ, ಅವ್ವನ ಹೆಸರನ್ನು ಬರೆಯಬಹುದೇ ಎಂದು ಕೇಳಿದೆ. ಅವರು ಯೋಚಿಸಿ, "ಈ ಹುಡುಗಿ ಬರೆಯೋ ದೊಡ್ಡ ಬುಕ್ಕಲ್ಲಿ ಮೊದಲು ಬರಲಿ. ಅದನ್ನ ನಮಗೆ ತೋರಿಸಿ. ಆಮೇಲೆ ಬೇಕಾದ ಕಡೆ ಹಾಕಿ" ಎಂದರು. ಇಲ್ಲಿ ನಾನು ಆ ಹೆಸರನ್ನು ಬರೆಯದಿರುವುದು ಅದಕ್ಕಾಗಿ. ಸ್ಮರಣ ಸಂಚಿಕೆಯ ಲೇಖನಕ್ಕೆ ಒಂದು ತಿದ್ದೋಲೆ ಬರೆದು, ಶಾಲೆಯ ಗ್ರಂಥಾಲಯದಲ್ಲಿರುವ ಎರಡು ಪ್ರತಿಗಳಿಗೂ ಅಂಟಿಸಿದ್ದೇನೆ. ಕಿರುಹೊತ್ತಿಗೆಯವರಿಗೆ ಪತ್ರ ಬರೆದೆ, ಉತ್ತರ ಬಂದಿಲ್ಲ.

ರಾತ್ರಿ ಹುಡುಗಿ 41ನೆಯ ಟಿಪ್ಪಣಿಯನ್ನು ತೆರೆದು, ನನ್ನ ಲೇಖನವನ್ನು ತೆಗೆದು ಸಂದರ್ಶನದ ಚೀಟಿಯನ್ನು ಸೇರಿಸಿದಳು. 1958 ಹೋಗಿ, 1950ರ ದಶಕದ ಕೊನೆಯ ಭಾಗ, ಹಿರಿಯ ಮಗ ತೊಟ್ಟಿಲಲ್ಲಿದ್ದಾಗ ಎಂದು ಅಜ್ಜಿಯ ಮಾತೇ ಬಂತು. ಗ್ರಂಥಋಣದಲ್ಲಿ ನನ್ನ ಹೆಸರು ಇದ್ದ ಜಾಗ ಮುಚ್ಚಿಕೊಂಡಿತು. ಮೇಲಿನವರೂ ಕೆಳಗಿನವರೂ ಒಂದಾದರು. ಬೇಸರವಾಯಿತೇ ಎಂದು ಹುಡುಗಿ ಕೇಳಿದಳು. ಸ್ವಲ್ಪ ಆಯಿತು ಎಂದೆ.

ಆ ಪುಟವನ್ನು ಪೇಟೆಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದು, ಇದು ಕರಡು ಮಾತ್ರ, ಪುಸ್ತಕ ಇನ್ನೂ ಆಗಬೇಕು ಎಂದು ಹೇಳಿ ಅವರಿಗೆ ಕೊಟ್ಟೆವು. ಕಣ್ಣಿಗೆ ಹತ್ತಿರ ಹಿಡಿದು, ಸಣ್ಣ ಅಕ್ಷರದ ಆ ಒಂದು ಸಾಲನ್ನು ಹುಡುಕಿ ಓದಿದರು. ಮೊಮ್ಮಗನ ಕೈಯಲ್ಲೂ ಓದಿಸಿದರು. ಆಮೇಲೆ ನಾಲ್ಕು ಮಡಿಕೆ ಮಾಡಿ ರೇಷನ್ ಕಾರ್ಡಿನ ಜೊತೆ ಕವರಿನೊಳಗೆ ಇಟ್ಟು, "ಕೂತ್ಕೊಳ್ಳಿ ಅಕ್ಕೋರೆ, ಚಾ ಆಗ್ತದೆ" ಎಂದರು.